ತೋಟದ ಟ್ಯೂನು

"ಒಂದು ಮಾತು, ಒಂದೇ ಒಂದು ಮಾತು ಬಂದ್ರೂ ಅಲ್ಲಿಗೆ ಮುಗೀತು. ಆ ಪೆಟ್ಟಿಗೆ ನನ್ ಕೈಗೆ ಕೊಟ್ಬುಡ್ಬೇಕು. ಆಮೇಲೆ ಅಳೋದು ಗಿಳೋದು ಮಾಡ್ಬಾರ್ದು."

ಬೆಟ್ಟಸ್ವಾಮಿ ಮಗಳಿಗೆ ಹೀಗೆ ಹೇಳಿದ್ದು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ, ಕುಣಿಗಲ್ ಬಸ್ಸಿಗೆ ಕಾಯುತ್ತಾ ಟೀ ಕುಡಿಯುವಾಗ. ಸುಧಾ ತಲೆಯಾಡಿಸಿದಳು. ಪೆಟ್ಟಿಗೆ ಅವಳ ಕಂಕುಳಲ್ಲಿತ್ತು. ಅದರೊಳಗೆ ತಾತನ ಕ್ಲಾರಿಯೋನೆಟ್ಟು ಐದು ಭಾಗಗಳಾಗಿ ಬಿಚ್ಚಿಕೊಂಡು, ಹಳೇ ಪಂಚೆಯ ಚೂರು ಸುತ್ತಿಕೊಂಡು ಮಲಗಿತ್ತು.

ಯಾರ ಮಾತು, ಎಂಥ ಮಾತು ಎಂದು ಅಪ್ಪ ಬಿಡಿಸಿ ಹೇಳಲಿಲ್ಲ. ಹತ್ತೊಂಬತ್ತರ ಹುಡುಗಿ ನಾಲ್ಕು ಜನರೆದುರು ನಿಂತು ಊದಿದರೆ ಊರವರು ಆಡಿಕೊಳ್ಳುತ್ತಾರೆ ಎಂಬ ಭಯವಿರಬೇಕು ಎಂದುಕೊಂಡಳು. ತಾತ ಸತ್ತ ಮೇಲೆ ಆರು ವರ್ಷದಿಂದ ಅಪ್ಪ ಕುಣಿಗಲ್ ಕಡೆಗೆ ಕಾಲಿಟ್ಟಿರಲಿಲ್ಲ. ಮಾರ್ಕೋನಹಳ್ಳಿ ಹತ್ತಿರದ ಊರು ಬಿಟ್ಟು, ಹಿರೇಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಸೇರಿಕೊಂಡು, ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಊರು ಬಿಟ್ಟಾಗ ಸುಧಾ ಒಂಬತ್ತನೇ ಕ್ಲಾಸು. ಹಳೇ ಸ್ಕೂಲಿಗೆ ಹೋಗಿ ಟಿ.ಸಿ. ತರುವುದನ್ನು ಅಪ್ಪ ನಾಳೆ ನಾಳೆ ಎಂದ. ಆ ನಾಳೆ ಬರಲೇ ಇಲ್ಲ. ಈಗ ಅವಳೂ ಹಿರೇಹಳ್ಳಿಯಲ್ಲೇ, ಇನ್ನೊಂದು ಫ್ಯಾಕ್ಟರಿಯಲ್ಲಿ, ಬಿಸ್ಕತ್ತಿನ ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಲ್ಲುತ್ತಿದ್ದಳು.

ಸಂಗೀತ ಶಾಲೆ ಅವಳಿಗೆ ಸಿಕ್ಕಿದ್ದು ರಾಗಿ ಬೀಸಿಸಲು ಹೋದಾಗ. ತುಮಕೂರಿನ ಸದಾಶಿವನಗರದ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಬಡಾವಣೆಯವರೇ ಸೇರಿ ನಡೆಸುವ ಶಾಲೆ ಅದು. ಕೆಳಗೆ ಮೋಟರು ನಿಂತ ಒಂದು ಗಳಿಗೆಯಲ್ಲಿ ಮೇಲಿನಿಂದ ಸ್ಯಾಕ್ಸಫೋನಿನ ದನಿ ಇಳಿದು ಬಂತು. ಸುಧಾ ಹಿಟ್ಟಿನ ಡಬ್ಬ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಳು. ಮುಂದಿನ ಭಾನುವಾರವೂ ಕೂತಳು. ನಾಲ್ಕನೇ ಭಾನುವಾರ ಉದಯಕುಮಾರ್ ಸರ್ ಬಾಗಿಲು ತೆಗೆದು, "ವಾರಕ್ಕೆ ಎಷ್ಟ್ ರಾಗಿ ತಿಂತೀರಮ್ಮ ನಿಮ್ಮನೇಲಿ?" ಎಂದು ಕೇಳಿ ಒಳಗೆ ಕರೆದರು. ತಾತನ ಕ್ಲಾರಿಯೋನೆಟ್ಟು ತರಿಸಿ ಊದಲು ಕಲಿಸಿದರು.

ಒಳಗೆ ಹುಡುಗರ ಒಂದು ಜಾಸ್ ತಂಡವಿತ್ತು. ಡ್ರಮ್ಸಿಗೆ ಲಕ್ಷ್ಮೀಕಾಂತ್, ಕೀಬೋರ್ಡಿಗೆ ದೀಪಿಕಾ, ಬೇಸ್ ಗಿಟಾರಿಗೆ ನಾಗೇಶ್. ಮೂವರೂ ಕಾಲೇಜಿನವರು. ಜಾಸ್ ಎಂದರೇನೆಂದು ಸುಧಾಗೆ ಗೊತ್ತಿರಲಿಲ್ಲ. ನೋಡಿ ನೋಡಿ ಗೊತ್ತು ಮಾಡಿಕೊಂಡಳು. ಎಲ್ಲರೂ ಸೇರಿ ಒಂದು ಟ್ಯೂನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನಸ್ಸಿಗೆ ಬಂದ ಹಾಗೆ ಬೆಳೆಸುತ್ತಾರೆ. ಒಬ್ಬರು ಬೆಳೆಸುವಾಗ ಉಳಿದವರು ಅವರನ್ನು ಬೀಳದ ಹಾಗೆ ಹಿಡಿದಿರುತ್ತಾರೆ. ಸರ್ ಮುಷ್ಟಿ ಎತ್ತಿದರೆ ಎಲ್ಲರೂ ಟ್ಯೂನಿಗೆ ಹಿಂತಿರುಗಿ ನಿಲ್ಲಿಸಬೇಕು. ಮಾತಿಲ್ಲ, ಬರೀ ಕಣ್ಣು. ಅದು ಅವಳಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು.

ದೀಪಾವಳಿ ಕಳೆದ ಮೇಲೆ ಸರ್ ಎಲ್ಲರಿಗೂ ಒಂದು ಕೆಲಸ ಕೊಟ್ಟರು. "ನಿಮ್ ನಿಮ್ ಮನೇಲಿ ಕೇಳಿದ್ ಒಂದೊಂದ್ ಟ್ಯೂನ್ ತನ್ನಿ. ಪುಸ್ತಕದ್ದು ಬೇಡ, ಸಿನಿಮಾದ್ದಂತೂ ಬೇಡವೇ ಬೇಡ. ಜಾಸ್ ಕಟ್ಟಿದೋರೂ ಮನೇಲಿ ಬೀದೀಲಿ ಕೇಳಿದ್ರಿಂದ್ಲೇ ಕಟ್ಟಿದ್ದು."

ದೀಪಿಕಾ ಅಜ್ಜಿಯ ಬೀಸುವ ಪದ ತಂದಳು. ನಾಗೇಶ್ ಮಠದ ಹಾಸ್ಟೆಲಿನಲ್ಲಿ ಕಲಿತ ಭಜನೆ ತಂದ. ಸುಧಾ ಎರಡು ವಾರ ಏನೂ ತರಲಿಲ್ಲ. ಮೂರನೇ ವಾರ, ಎಲ್ಲರೂ ಟೀ ಕುಡಿಯಲು ಇಳಿದಾಗ, ಗೋಡೆಗೆ ಮುಖ ಮಾಡಿ ತಾತನ ಟ್ಯೂನು ಊದಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಎಲ್ಲರೂ ಟೀ ಲೋಟ ಹಿಡಿದು ನಿಂತಿದ್ದರು.

ತಾತ ಬ್ಯಾಂಡ್ ಸೆಟ್ಟಿನವನು. ಮದುವೆ, ಉತ್ಸವ, ಸಾವು, ಎಲ್ಲಕ್ಕೂ ಊದುತ್ತಿದ್ದ. ಸಾವಿನ ಮನೆಯ ಮುಂದೆ, ಊರ ಬೀದಿಗಳಲ್ಲಿ ಅವನು ಊದುತ್ತಿದ್ದ ದೇವರ ನಾಮಗಳೆಲ್ಲ ಸುಧಾಗೆ ಬಾಯಿಪಾಠ. ಈ ಟ್ಯೂನು ಅವುಗಳಲ್ಲಿ ಇರಲಿಲ್ಲ. ಇದನ್ನು ಅವನು ಮನೆಯಲ್ಲಿ ಊದಿದ್ದೇ ಇಲ್ಲ. ಬೆಳಗಾಗೆದ್ದು ನಾಲೆ ಪಕ್ಕದ ತೆಂಗಿನ ತೋಟಕ್ಕೆ ಹೋಗಿ, ಒಬ್ಬನೇ ನಿಂತು ಊದುತ್ತಿದ್ದ. ಸುಧಾ ರೊಟ್ಟಿ ತೆಗೆದುಕೊಂಡು ಹೋದರೆ ಹೆಜ್ಜೆ ಸಪ್ಪಳಕ್ಕೇ ನಿಲ್ಲಿಸಿಬಿಡುತ್ತಿದ್ದ. ಅದಕ್ಕೇ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ತೆಂಗಿನಕಾಯಿ ರಾಶಿಯ ಹಿಂದೆ ಕೂತು ಕೇಳುವುದನ್ನು ಕಲಿತಳು. ತಾತ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು, ಏನೋ ಹೇಳಲು ಹೊರಟು ಸುಮ್ಮನಾದವನ ಹಾಗೆ ನಿಲ್ಲಿಸಿ, ಊದುವ ತುದಿಯ ರೀಡು ಬಿಚ್ಚಿ ಒರೆಸುತ್ತಿದ್ದ. ಇದು ಅವನು ತನಗೋಸ್ಕರವೇ ಇಟ್ಟುಕೊಂಡ ಟ್ಯೂನು ಎಂದು ಅವಳು ತಿಳಿದಿದ್ದಳು.

"ಇದು ಮುಗಿಯೋದೇ ಇಲ್ವಲ್ಲಮ್ಮ!" ಎಂದರು ಸರ್ ಕುಣಿಯುವವರ ಹಾಗೆ. "ಕೊನೆಗೆ ಬಂದ್ರೆ ಮತ್ತೆ ಮೊದಲಿಗೇ ಕರ್ಕೊಂಡ್ ಹೋಗುತ್ತೆ. ಇಂಥದ್ದೇ ಬೇಕಾಗಿದ್ದು ನಮ್ಗೆ." ಹಾಳೆಯ ಮೇಲೆ ಅದಕ್ಕೆ 'ತೋಟದ ಟ್ಯೂನು' ಎಂದು ಹೆಸರು ಬರೆದರು. ಲಕ್ಷ್ಮೀಕಾಂತ್ ಕುಂಚದಂಥ ಕೋಲಿನಿಂದ ಸಣ್ಣಗೆ, ನಾಲ್ಕಾರು ಜನ ಹೆಜ್ಜೆ ಹಾಕಿಕೊಂಡು ಹೋಗುವ ಹಾಗೆ ತಾಳ ಇಟ್ಟ. ಆ ತಾಳ ಅವನಿಗೆ ತಾನಾಗಿಯೇ ಬಂತು.

ಮೂರು ತಿಂಗಳಾದ ಮೇಲೆ ಲಕ್ಷ್ಮೀಕಾಂತನ ಅಕ್ಕ ಪ್ರಮೀಳಾಗೆ ಗುಬ್ಬಿಯ ಗಂಡು ಗೊತ್ತಾಯಿತು. ಮದುವೆ ಕುಣಿಗಲ್ಲಿನಲ್ಲಿ. ಲಕ್ಷ್ಮೀಕಾಂತ್ ಐದನೇ ಕ್ಲಾಸಿನಿಂದ ತುಮಕೂರಿನ ಹಾಸ್ಟೆಲಿನಲ್ಲೇ ಓದಿದವನು. "ಆರ್ಕೆಸ್ಟ್ರಾ ಬ್ಯಾಡಪ್ಪ, ನಮ್ ತಂಡನೇ ನುಡಿಸ್ಲಿ" ಎಂದು ಮನೆಯಲ್ಲಿ ಹಟ ಹಿಡಿದು ಒಪ್ಪಿಸಿದ್ದ.

ಛತ್ರ ತುಂಬಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಧಾರೆಯಾಗಿ, ಹನ್ನೊಂದರಿಂದ ಆರತಕ್ಷತೆ. ವೇದಿಕೆಯ ನಡುವೆ ಗಂಡು ಹೆಣ್ಣು, ಒಂದು ಮೂಲೆಯಲ್ಲಿ ತಂಡ. ಕೆಳಗೆ ಎಡಗಡೆಯ ಕುರ್ಚಿಗಳಲ್ಲಿ ಕುಣಿಗಲ್ ಸುತ್ತಲಿನ ಹೆಣ್ಣಿನ ಕಡೆಯವರು, ಬಲಗಡೆ ಗುಬ್ಬಿಯಿಂದ ಎರಡು ಬಸ್ಸು ಮಾಡಿಕೊಂಡು ಬಂದ ಗಂಡಿನ ಕಡೆಯವರು. ಅಪ್ಪ ಹಿಂದುಗಡೆ ಕಂಬದ ಮರೆಯಲ್ಲಿ, ನೀರಿನ ಕ್ಯಾನುಗಳ ಪಕ್ಕ ಕೂತಿದ್ದ. ಯಾರ ಕಣ್ಣಿಗೂ ಬೀಳದ ಜಾಗ. ಅಂಥ ಜಾಗಗಳ ಗುರುತು ಸುಧಾಗೂ ಚೆನ್ನಾಗಿತ್ತು.

ಮೊದಲ ಎರಡು ಟ್ಯೂನುಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಮಾತಾಡುತ್ತಿದ್ದರು, ಮುಯ್ಯಿಯ ಕವರು ಹಿಡಿದು ಸಾಲು ನಿಂತಿದ್ದರು, ಮಕ್ಕಳು ಐಸ್ ಕ್ರೀಮಿಗೆ ಓಡುತ್ತಿದ್ದರು. ಸುಧಾಗೆ ಧೈರ್ಯ ಬಂತು. ಹೀಗೇ ಯಾರೂ ನೋಡದೆ ಮುಗಿದುಹೋದರೆ ಮಾತು ಬರುವುದಾದರೂ ಎಲ್ಲಿಂದ? ಮೂರನೆಯದು ತೋಟದ ಟ್ಯೂನು. ಮೊದಲ ಸುತ್ತು ಅವಳೊಬ್ಬಳೇ ಊದಬೇಕು. ಕಣ್ಣು ಮುಚ್ಚಿ ಶುರು ಮಾಡಿದಳು.

ಎರಡನೇ ಸುತ್ತಿಗೆ ಲಕ್ಷ್ಮೀಕಾಂತನ ಹೆಜ್ಜೆಯ ತಾಳ ಬಂದು ಸೇರಿತು. ಕಣ್ಣು ತೆರೆದಳು.

ಎಡಗಡೆ ಎರಡನೇ ಸಾಲಿನಲ್ಲಿ ನೀಲಿ ಶಲ್ಯದ ಒಬ್ಬ ಮುದುಕ ಎದ್ದು ನಿಂತಿದ್ದ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ. ಯಾರಿಗೋ ದಾರಿ ಬಿಡುತ್ತಿದ್ದಾನೆ ಎಂದುಕೊಂಡಳು. ಅವನ ಹಿಂದೆ ಇನ್ನೊಬ್ಬ ಎದ್ದ. ಅವನೂ ಚಪ್ಪಲಿ ಬಿಟ್ಟ. ಆಮೇಲೆ ಗಾಳಿ ಬೀಸಿದಾಗ ರಾಗಿ ಪೈರು ಅಲುಗುವ ಹಾಗೆ, ಎಡಗಡೆಯ ಗಂಡಸರು ಸಾಲು ಸಾಲಾಗಿ ಏಳತೊಡಗಿದರು. ವಯಸ್ಸಾದವರು, ನಡುವಯಸ್ಸಿನವರು. ಮಾತು ಅರ್ಧಕ್ಕೇ ನಿಂತಿತ್ತು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಅವರ ಪಕ್ಕದಲ್ಲೇ ಅವರ ಹೆಂಡಂದಿರು, ಸೊಸೆಯಂದಿರು ಏನೂ ಆಗದವರಂತೆ ಕೂತು ತಲೆದೂಗುತ್ತಿದ್ದರು. ಒಬ್ಬಾಕೆ ಗಂಡನ ಅಂಗಿ ಜಗ್ಗಿ, "ಏನ್ರೀ, ಊಟಕ್ಕೆ ಕರೆದ್ರಾ?" ಎಂದು ಕೇಳುತ್ತಿದ್ದಳು.

ಸುಧಾ ಬೆರಳು ತಪ್ಪಿಸಲಿಲ್ಲ. ಬೆರಳು ತಮ್ಮ ಪಾಡಿಗೆ ಹೋಗುತ್ತಿದ್ದವು.

ವೇದಿಕೆಯ ಮೇಲೆ ಮಗಳ ಪಕ್ಕ ನಿಂತಿದ್ದ ಅನಂತರಾಜು, ಲಕ್ಷ್ಮೀಕಾಂತನ ಅಪ್ಪ, ಎರಡೂ ಕೈಯಿಂದ ತಲೆಯ ಪೇಟ ತೆಗೆದರು. ತೆಗೆದು ಎದೆಗೆ ಹಿಡಿದುಕೊಂಡರು. ಮರುಗಳಿಗೆ ತಾವೇನು ಮಾಡಿದೆವೆಂದು ಹೊಳೆದು, ಬೆಂಕಿ ಮುಟ್ಟಿದವರಂತೆ ಅದನ್ನು ಮತ್ತೆ ತಲೆಗೆ ಹಾಕಿಕೊಂಡರು. ಪೇಟ ಓರೆಯಾಗಿ ಕೂತಿತು.

ಈಗ ಬಲಗಡೆಯವರಿಗೂ ಗಮನ ಬಂತು. "ಹೆಣ್ಣಿನ ಕಡೆಯೋರು ಎದ್ರಲ್ಲ, ಏಳ್ರೋ. ಇವ್ರ ಪದ್ಧತಿ ಇರ್ಬೇಕು" ಎಂದು ಗುಬ್ಬಿಯ ಯಾರೋ ಹಿರಿಯರು ಹೇಳಿದ್ದು ವೇದಿಕೆಗೂ ಕೇಳಿಸಿತು. ಗುಬ್ಬಿಯವರೂ ಎದ್ದರು. ಹೆಂಗಸರೂ ಎದ್ದರು. ಅವರ ಮುಖದಲ್ಲಿ ನಗುವಿತ್ತು, ಕುತೂಹಲವಿತ್ತು. ಒಬ್ಬ ಫೋನು ಎತ್ತಿ ವಿಡಿಯೋ ಮಾಡತೊಡಗಿದ. ಅರ್ಧ ಛತ್ರ ನಗುತ್ತಾ ನಿಂತಿತ್ತು, ಅರ್ಧ ಛತ್ರ ಹೆದರಿ ನಿಂತಿತ್ತು. ಸುಧಾ ಅಪ್ಪನನ್ನು ಹುಡುಕಿದಳು. ಕಂಬದ ಪಕ್ಕ ಅಪ್ಪನೊಬ್ಬನೇ ಕೂತಿದ್ದ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಮಾತು ಬಂತು ಎಂದುಕೊಂಡಳು. ಏನು ಮಾತು ಎಂದು ತಿಳಿಯುವ ಮೊದಲೇ ಪೆಟ್ಟಿಗೆ ಕೈಬಿಟ್ಟು ಹೋದ ಹಾಗೆ ಅನಿಸಿತು.

ದೀಪಿಕಾಳ ಸರದಿ ಬಂತು. ಕೀಬೋರ್ಡು ಟ್ಯೂನನ್ನು ಎತ್ತಿಕೊಂಡಿತು. ಸುಧಾ ಕ್ಲಾರಿಯೋನೆಟ್ಟು ಕೆಳಗಿಳಿಸಿ ಉಸಿರು ತೆಗೆದುಕೊಂಡಳು. ಆಗ ವೇದಿಕೆಯ ಬುಡಕ್ಕೆ ಒಬ್ಬ ಮುದುಕ ತಡವರಿಸುತ್ತಾ ಬಂದ. ನರಸಯ್ಯ. ತಾತನ ಬ್ಯಾಂಡಿನಲ್ಲಿ ಡೋಲು ಹೊಡೆಯುತ್ತಿದ್ದವನು. ಒಂದು ಕಣ್ಣು ಹಾಲು ಬಿದ್ದ ಹಾಗೆ ಬೆಳ್ಳಗಾಗಿತ್ತು.

"ಎಲ್ಲೀಗಂಟ ಹೊತ್ಕಂಡ್ ತಿರುಗ್ತೀಯವ್ವಾ?" ಎಂದ, ಪಿಸುದನಿಯಲ್ಲಿ. "ಸುತ್ತಿ ಸುತ್ತಿ ಅಲ್ಲಿಗೇ ಬತ್ತಾ ಇದೀಯಲ್ಲ. ಇಳ್ಸು. ಇಳ್ಸಿ ಮುಗ್ಸು."

ಸುಧಾ ಬಗ್ಗಿದಳು. "ಏನನ್ನ?"

ನರಸಯ್ಯ ಅವಳ ಮುಖವನ್ನೇ ನೋಡಿದ. "ಅಯ್ಯೋ ಕೂಸೇ. ಇದೇನು ಅಂತ ನಿಂಗ್ ಗೊತ್ತಿಲ್ವಾ?"

ಅವನು ತಿರುಗಿ ಮದುಮಕ್ಕಳ ಕಡೆ ನೋಡಿದ. ತಾಳಿ ಕಟ್ಟಿ ಮೂರು ಗಂಟೆಯಾಗಿರಲಿಲ್ಲ. ಮದುವೆ ಮನೆಯೊಳಗೆ ಆ ಪದವನ್ನು ಬಾಯಲ್ಲಿ ಆಡುವ ಹಾಗಿರಲಿಲ್ಲ. ನರಸಯ್ಯ ಬಲಗೈಯನ್ನು ಮಡಿಸಿ ಹೆಗಲ ಮೇಲಿಟ್ಟ, ಭಾರದ್ದೇನನ್ನೋ ಹೊತ್ತು ಹಿಡಿದವನ ಹಾಗೆ. ಎಡಗೈಯ ನಾಲ್ಕು ಬೆರಳು ತೋರಿಸಿದ. ಆಮೇಲೆ ತಲೆಯನ್ನು ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಂತ.

ನಾಲ್ಕು ಜನರ ಹೆಗಲು. ಮಲಗಿದ ಮುಖ.

ಸುಧಾಳ ಕೈಯಲ್ಲಿದ್ದ ಕ್ಲಾರಿಯೋನೆಟ್ಟು ಒಮ್ಮೆಲೇ ಕಬ್ಬಿಣದ ಹಾರೆಯಷ್ಟು ಭಾರವಾಯಿತು. ಅವಳಿಗೆ ಅಜ್ಜಿ ಸತ್ತ ದಿನ ಕಣ್ಣೆದುರು ಬಂತು. ಆಗ ಅವಳಿಗೆ ಎಂಟು ವರ್ಷ. ಊರೊಳಗೆಲ್ಲ ತಾತ ದೇವರ ನಾಮ ಊದಿಕೊಂಡು ಹೋದ. ಊರಾಚೆಯ ಗಡಿಕಲ್ಲಿನ ಹತ್ತಿರ ಎಲ್ಲರೂ ನಿಂತರು. ಹೆಂಗಸರು ಅಲ್ಲಿಗೆ ನಿಂತು ಹಿಂತಿರುಗಬೇಕು. ಮಣ್ಣಿಗೆ ಹೋಗುವವರು ಗಂಡಸರು ಮಾತ್ರ, ದೊಡ್ಡ ಗಂಡಸರು ಮಾತ್ರ. ಅವ್ವ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಸುಧಾ ತಿರುಗಿ ತಿರುಗಿ ನೋಡಿದ್ದಳು. ಕಲ್ಲಿನಾಚೆ ತಾತ ಹೆಂಗಸರೆಲ್ಲ ಮರೆಯಾಗಲಿ ಎಂದು ಕಾಯುತ್ತಾ, ಕ್ಲಾರಿಯೋನೆಟ್ಟನ್ನು ಊದದೆ ಸುಮ್ಮನೆ ಹಿಡಿದು ನಿಂತಿದ್ದ. ದುಃಖಕ್ಕೆ ಊದಲಾಗುತ್ತಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದಳು.

ಹಾಗಾದರೆ ಅವಳು ಪ್ಯಾಕಿಂಗ್ ಬೆಲ್ಟಿನ ಮುಂದೆ ಮನಸ್ಸಿನಲ್ಲೇ ಗುನುಗಿಕೊಂಡಿದ್ದು, ಮಲಗುವಾಗ ನೆನೆದುಕೊಂಡಿದ್ದು, ಜೀವನದಲ್ಲಿ ತನಗೆ ಸಿಕ್ಕಿದ ಒಂದೇ ಚಂದದ ವಸ್ತು ಎಂದುಕೊಂಡಿದ್ದು, ಇದು. ಕುಣಿಗಲ್ ಸುತ್ತಲಿನ ಪ್ರತಿಯೊಬ್ಬ ಗಂಡಸೂ ತನ್ನ ಅಪ್ಪನನ್ನೋ ಅವ್ವನನ್ನೋ ಹೆಗಲ ಮೇಲೆ ಹೊತ್ತು ನಡೆದ ಟ್ಯೂನು. ಅದನ್ನು ಅವಳು ಅವರ ಮನೆಯ ಮದುವೆಗೆ ತಂದು ಊದಿದ್ದಳು. ಒಂದು ಸುತ್ತಲ್ಲ, ಎರಡು ಸುತ್ತಲ್ಲ. ಹೊತ್ತುಕೊಂಡು ಹೋಗುತ್ತಲೇ ಇದ್ದರು, ಇಳಿಸುವ ಜಾಗ ಬರುತ್ತಲೇ ಇರಲಿಲ್ಲ.

"ಕೊನೆ ಗೊತ್ತಿಲ್ಲ ನಂಗೆ" ಎಂದಳು. ದನಿ ಹೊರಗೆ ಬಂತೋ ಇಲ್ಲವೋ.

ನರಸಯ್ಯ ಬಾಯಿ ತೆರೆದು, ಮದುಮಗಳತ್ತ ಇನ್ನೊಮ್ಮೆ ನೋಡಿ, ಬಾಯಿ ಮುಚ್ಚಿಕೊಂಡ. ಅವನು ಹಾಡಿ ತೋರಿಸುವ ಹಾಗೂ ಇರಲಿಲ್ಲ.

ದೀಪಿಕಾ ಮುಗಿಸಿ ಕಣ್ಣಿನಲ್ಲೇ ಸುಧಾಗೆ ಬಿಟ್ಟುಕೊಟ್ಟಳು. ಸರ್ ಆನಂದದಿಂದ ಮುಷ್ಟಿ ಎತ್ತಿದರು. ಅವರು ಮಂಗಳೂರು ಕಡೆಯವರು, ಏನೂ ಅರಿಯದವರು. ಸುಧಾ ಊದಲೇಬೇಕಾಯಿತು. ಟ್ಯೂನು ಹಿಡಿದಳು. ತಾತ ಸುಮ್ಮನಾಗುತ್ತಿದ್ದ ಜಾಗಕ್ಕೆ ಬಂದಳು. ಮತ್ತೆ ಮೊದಲಿಗೆ ಹೋಗಬೇಕಾದ ಕಡೆ ಹೋಗದೆ, ಮೆಟ್ಟಿಲು ತಡಕಿಕೊಂಡು ಇಳಿಯುವವಳ ಹಾಗೆ ಒಂದೊಂದೇ ಸ್ವರ ಕೆಳಗೆ ಬಂದಳು. ಅದಕ್ಕಿಂತ ಕೆಳಗೆ ಕ್ಲಾರಿಯೋನೆಟ್ಟಿನಲ್ಲಿ ಸ್ವರವಿಲ್ಲ ಎಂಬಲ್ಲಿಗೆ ಮುಟ್ಟಿ, ಅದನ್ನೇ ಹಿಡಿದು ನಿಂತಳು. ಉಸಿರು ಮುಗಿಯುವವರೆಗೆ ಹಿಡಿದಳು. ಲಕ್ಷ್ಮೀಕಾಂತ್ ತಾಳ ಬಿಟ್ಟ.

ಎಡಗಡೆಯ ಗಂಡಸರು ಕಾಲಿನಿಂದಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಒಬ್ಬೊಬ್ಬರಾಗಿ ಕೂತರು. ಒಬ್ಬ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

ಬಲಗಡೆಯಿಂದ ಚಪ್ಪಾಳೆ ಸಿಡಿಯಿತು. ಶಿಳ್ಳೆ ಬಿತ್ತು. ಗಂಡಿನ ತಾಯಿ ಪ್ರೇಮಲತಾ ರೇಷ್ಮೆ ಸೀರೆ ಎತ್ತಿ ಹಿಡಿದು ವೇದಿಕೆಯ ಮುಂದಕ್ಕೇ ಬಂದುಬಿಟ್ಟರು.

"ಒನ್ಸ್ ಮೋರ್!" ಎಂದರು. "ಬೀಗರೇ, ಏನ್ ಹುಡುಗೀನ ಕರ್ಸಿದೀರಿ! ಮೈ ಜುಮ್ ಅಂತು ನಂಗೆ. ಇನ್ನೊಂದ್ ಸಲ ಹಾಕ್ಸಿ ಅದನ್ನೇ."

ಅನಂತರಾಜು ನಗಲು ಹೋದರು. ತುಟಿ ಮಾತ್ರ ಅಲ್ಲಾಡಿತು. "ಊಟಕ್ ಹೊತ್ತಾಯ್ತಲ್ಲ ಬೀಗಿತ್ತಿ, ಎಲೆ ಹಾಕಿದಾರೆ..."

"ಎಲೆ ಎಲ್ಲಿಗೂ ಓಡೋಗಲ್ಲ ಬಿಡಿ. ನಾವು ಗುಬ್ಬಿಯೋರು, ನಾಟಕದ ಊರಿನೋರು. ಒನ್ಸ್ ಮೋರ್ ಅಂದ್ಮೇಲೆ ಒನ್ಸ್ ಮೋರ್ ಆಗ್ಲೇಬೇಕು!"

ಹಿಂದೆ ಇಡೀ ಗುಬ್ಬಿ "ಒನ್ಸ್ ಮೋರ್" ಎಂದು ಕೂಗಿತು. ಎಡಗಡೆಯ ಗಂಡಸರು ನೆಲ ನೋಡುತ್ತಾ ಕೂತಿದ್ದರು. ಹೇಳಿದರೆ ಮದುವೆಗೆ ಅಪಶಕುನ, ಹೇಳದಿದ್ದರೆ ಮತ್ತೆ ಅದೇ. ಅನಂತರಾಜು ಸುಧಾಳ ಕಡೆ ನೋಡಿದರು. ಐವತ್ತು ವರ್ಷದ ಆ ಮನುಷ್ಯನ ಕಣ್ಣಲ್ಲಿ ಹುಡುಗಿಯೊಬ್ಬಳ ಮುಂದೆ ಬೇಡಿಕೊಳ್ಳುವ ನೋಟವಿತ್ತು. ಸರ್ ಆಗಲೇ ಒಂದು, ಎರಡು ಎಂದು ಬೆರಳು ಎಣಿಸಲು ಕೈ ಎತ್ತಿದ್ದರು.

ಸುಧಾ ಮೈಕಿನ ಮುಂದೆ ಹೋದಳು. ತನ್ನ ಕಾಲು ಹೋಗುತ್ತಿರುವುದನ್ನು ತಾನೇ ನೋಡಿದಳು. ಅವಳು ಮೈಕಿನಲ್ಲಿ ಎಂದೂ ಮಾತಾಡಿದವಳಲ್ಲ.

"ಇದು ನಮ್ ತಾತನ ಟ್ಯೂನು" ಎಂದಳು. ಛತ್ರದ ನಾಲ್ಕೂ ಮೂಲೆಯಿಂದ ಅವಳ ದನಿ ಅವಳಿಗೇ ಹಿಂತಿರುಗಿ ಬಂದು ಬೆಚ್ಚಿಬೀಳಿಸಿತು. "ಅಂಜನಮೂರ್ತಿ ಅಂತ ಅವ್ರ ಹೆಸ್ರು. ಒಂದು... ಒಬ್ಬರ ಮುಂದೆ ಒಂದೇ ಸಲ ಊದ್ಬೇಕಂತೆ ಇದನ್ನ. ಎರಡನೇ ಸಲ ಊದೋ ಹಂಗಿಲ್ಲ. ತಪ್ಪು ತಿಳ್ಕೋಬೇಡಿ ಅಮ್ಮ."

ಪ್ರೇಮಲತಾ ಗಲ್ಲಕ್ಕೆ ಬೆರಳಿಟ್ಟುಕೊಂಡರು. "ನೋಡಿ, ವಿದ್ಯೆ ಅಂದ್ರೆ ಹಿಂಗಿರ್ಬೇಕು, ನೇಮ ಇರ್ಬೇಕು" ಎಂದು ತಮ್ಮವರ ಕಡೆ ತಿರುಗಿ ಹೇಳಿ, ಊಟಕ್ಕೆ ನಡೆದರು.

ಊಟದ ಎಲೆಯ ಮುಂದೆ ಸುಧಾಗೆ ತುತ್ತು ಇಳಿಯಲಿಲ್ಲ. ಪಕ್ಕದಲ್ಲಿ ಕೂತ ದೀಪಿಕಾ "ಏನಾಯ್ತೇ? ಸೂಪರಾಗಿತ್ತಲ್ಲೇ" ಎನ್ನುತ್ತಿದ್ದಳು. ಕೈ ತೊಳೆಯುವಲ್ಲಿ ಅನಂತರಾಜು ಎದುರಾದರು. ಏನೋ ಹೇಳಬೇಕೆಂದು ನಿಂತು, "ಊಟ ಆಯ್ತೇನಮ್ಮ?" ಎಂದಷ್ಟೇ ಕೇಳಿ ಹೋದರು. ಅಪ್ಪ ಪಂಕ್ತಿಯಲ್ಲಿ ಇರಲಿಲ್ಲ.

ಅವನು ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ, ಕಲ್ಲು ಬೆಂಚಿನ ಮೇಲೆ. ಬಿಸಿಲು ನೆತ್ತಿಯಿಂದ ಇಳಿದಿತ್ತು. ಸುಧಾ ಪಕ್ಕದಲ್ಲಿ ಕೂತಳು.

"ನೀನ್ಯಾಕೆ ಹೇಳ್ಲಿಲ್ಲಪ್ಪಾ?"

"ನೀನ್ ಅದನ್ನ ಕಲ್ತಿದೀಯ ಅಂತ ನಂಗೇನ್ ಕನಸಾ? ಕದ್ದು ಕೇಳಿದ್ಯಲ್ಲ, ಮುಂಡೇದೇ." ಬೈಗುಳದಲ್ಲಿ ಬಿಸಿ ಇರಲಿಲ್ಲ. "ಸ್ಕೂಲಲ್ಲಿ ನನ್ ಹೆಸ್ರು ಹಿಡ್ದು ಕರೀತಿರ್ಲಿಲ್ಲ ಕಣೇ. 'ಹೆಣದ್ ಮುಂದಿನೋನ ಮಗ' ಅನ್ನೋರು. ಮೇಷ್ಟ್ರೂ ಅಂತಿದ್ರು. ಆ ಮಾತು ನಿಂಗ್ ಬರಬಾರ್ದು ಅಂತ್ಲೇ ಊರು ಬಿಟ್ಟಿದ್ದು."

ಟಿ.ಸಿ. ತರದೆ ಹೋದದ್ದೂ ಅದಕ್ಕೇ ಇರಬೇಕು ಎಂದು ಸುಧಾಗೆ ಹೊಳೆಯಿತು.

ಆಗಲೇ ಎದುರಿನಿಂದ ಆ ನೀಲಿ ಶಲ್ಯದ ಮುದುಕ ಬರುವುದು ಕಾಣಿಸಿತು. ಛತ್ರದಲ್ಲಿ ಎಲ್ಲರಿಗಿಂತ ಮೊದಲು ಎದ್ದವನು. ಅವನ ತೋಳು ಹಿಡಿದು ನರಸಯ್ಯನೂ ಬರುತ್ತಿದ್ದ. ಅಪ್ಪ ಬೆಚ್ಚಿದವನಂತೆ ಎದ್ದು ನಿಂತ.

"ಅಡವಿಯಪ್ಪಣ್ಣ" ಎಂದ ಅಪ್ಪ. "ಅವ್ಳಿಗ್ ಗೊತ್ತಿರ್ಲಿಲ್ಲ. ತಪ್ಪಾಯ್ತು. ಮಾತಾಡ್ಬ್ಯಾಡ, ನಿನ್ ದಮ್ಮಯ್ಯ. ಇವತ್ತಿಗೇ ಕೊನೆ. ಇನ್ ಮುಟ್ಟಲ್ಲ ಅವ್ಳು ಅದನ್ನ." ಮಗಳ ಕಡೆ ನೋಡದೆ ಕೈ ಚಾಚಿದ. ಸುಧಾ ಪೆಟ್ಟಿಗೆ ಕೊಟ್ಟಳು. ಅಳಬಾರದೆಂದಿತ್ತು, ಅಳಲಿಲ್ಲ.

"ಯಾಕ್ಲಾ ಮುಟ್ಟಲ್ಲ?" ಎಂದ ಅಡವಿಯಪ್ಪ. ಬೆಂಚಿನ ಮೇಲೆ ಕೂತು ಉಸಿರು ತಂದುಕೊಂಡ. "ನಿಮ್ಮಪ್ಪ ಹೋದ್ಮೇಲೆ ಎಷ್ಟ್ ಜನ ಹೋದ್ರು, ನೀನೇ ಹೇಳು. ಎಲ್ಲಾ ಮೂಕರಂಗೆ ಹೋದ್ರು ಕಣೋ. ವ್ಯಾನಿಗಾಕ್ಕಂಡು, ಪೆನ್ ಡ್ರೈವಲ್ಲಿ ಯಾವ್ದೋ ಹಾಡು ಹಾಕ್ಕಂಡು. ಕಲ್ಲು ದಾಟಿದ್ದೇ ಗೊತ್ತಾಗಲ್ಲ ಈಗ." ಅವನು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡ. "ನಮ್ಮವ್ವಂಗೆ ತೊಂಬತ್ತು ಮೀರ್ತು. ಹಾಸಿಗೆ ಹಿಡ್ದವ್ಳೆ. 'ಕಲ್ಲಾಚೆ ಅದೇನ್ ಊದ್ತಿದ್ರೋ, ಹೆಂಗಸ್ರು ಕೇಳೋದು ತಾವ್ ಮಲಗಿ ಹೋಗೋ ದಿನಾನೇ ಅಂತ ಕಾದಿದ್ನಲ್ಲ ಮಗಾ, ನಂಗೆ ಊದೋರ್ ಯಾರವ್ರೆ' ಅಂತಾಳೆ. ದಿನಾ ಅಂತಾಳೆ."

ಸುಧಾಳ ಕಡೆ ತಿರುಗಿದ.

"ಬತ್ತೀಯೇನವ್ವಾ?"

ಸುಧಾ ಅಪ್ಪನ ಕೈಯಲ್ಲಿದ್ದ ಪೆಟ್ಟಿಗೆಯ ಕಡೆ ನೋಡಿದಳು.

ಅಪ್ಪ ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. "ಏನಣ್ಣಾ ನೀನು! ಬದುಕಿರೋರ್ಗೆ ಹಿಂಗ್ ಹೇಳಿಡ್ತಾರಾ? ಹೆಣ್ಮಗ ಅವ್ಳು. ಕಲ್ಲು ದಾಟಾಕಾಯ್ತದಾ?"

ಅಡವಿಯಪ್ಪ ನರಸಯ್ಯನನ್ನು ನೋಡಿದ.

"ದಾಟೋದೇನ್ ಬಂತು," ಎಂದ ನರಸಯ್ಯ. "ಇವತ್ತು ಎರಡ್ ತಾಲ್ಲೂಕ್ನ ಜನಾನ, ಹೆಂಗಸ್ರು ಮಕ್ಳು ಸಮೇತ ಅಲ್ಲೀಗಂಟ ಕರ್ಕಂಡ್ ಹೋಗಿ ನಿಲ್ಸಿದ್ಲು. ಇಳ್ಸೋದ್ ಬರ್ಲಿಲ್ಲ, ಅಷ್ಟೇಯ. ಅದು ಮಣ್ಣಾಕಿದ್ಮೇಲೆ ಊದೋದು. ತೋಟದಾಗೆ ಊದಂಗಿಲ್ಲ, ಅದ್ಕೇ ಇವ್ಳ ಕಿವಿಗ್ ಬಿದ್ದಿಲ್ಲ."

"ನಿಮ್ಗೆ ಗೊತ್ತಾ?" ಎಂದು ಯಾರೋ ಕೇಳಿದರು. "ಹೇಳ್ಕೊಡ್ತೀರಾ?"

ಕೇಳಿದ್ದು ತಾನೇ ಎಂದು ಸುಧಾಗೆ ಗೊತ್ತಾದದ್ದು ಮೂವರೂ ತನ್ನ ಕಡೆ ತಿರುಗಿದಾಗ. ಅಪ್ಪ ಅವಳನ್ನು ಮೊದಲ ಸಲ ಕಂಡವನಂತೆ ನೋಡಿದ. ತುಮಕೂರು ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅಪ್ಪ ಪೆಟ್ಟಿಗೆ ಹಿಡಿದು ಹತ್ತಿಬಿಟ್ಟ.

ಸುಧಾ ಮುಂದಿನ ಹೆಂಗಸರ ಸೀಟಿನಲ್ಲಿ ಕೂತು, ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ಟು ತೆಗೆದುಕೊಂಡಳು. ಅಪ್ಪ ಎಲ್ಲೋ ಹಿಂದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಪ್ರತಿ ಊರಿನಾಚೆಗೂ ಅವಳ ಕಣ್ಣು ಒಂದು ಕಲ್ಲನ್ನು ಹುಡುಕುತ್ತಿತ್ತು. ಬೆಳಿಗ್ಗೆ ಇದೇ ದಾರಿಯಲ್ಲಿ ಬರುವಾಗ ಅವಳು ಅಂಥದ್ದನ್ನು ನೋಡಿಯೇ ಇರಲಿಲ್ಲ. ಈಗ ಕಂಡ ಕಲ್ಲೆಲ್ಲ ಅದೇ ಇರಬಹುದು ಅನಿಸುತ್ತಿತ್ತು.

ಹೆಬ್ಬೂರಿನಲ್ಲಿ ಪಕ್ಕದ ಹೆಂಗಸು ಇಳಿದಳು. ಅಪ್ಪ ಬಂದು ಆ ಸೀಟಿನಲ್ಲಿ ಕೂತ. ಕಂಡಕ್ಟರು ಏನೋ ಹೇಳಲು ಬಂದವನು ಅವನ ಮುಖ ನೋಡಿ ಮುಂದೆ ಹೋದ.

"ಶನಿವಾರ ನಿಂಗ್ ರಜ ಸಿಗ್ತದಾ?" ಎಂದು ಅಪ್ಪ ಕೇಳಿದ. ಕಿಟಕಿಯ ಕಡೆ ನೋಡುತ್ತಾ ಕೇಳಿದ.

"ಮಧ್ಯಾಹ್ನದ ಮೇಲೆ."

"ನರಸಯ್ಯಂಗೆ ಇನ್ನೊಂದ್ ಕಣ್ಣೂ ಮಂಜಾಗ್ತಾ ಅದೆ. ಉಬ್ಬಸ ಬೇರೆ. ಅವ್ನಿರೋವಾಗ್ಲೇ ಹೋಗಿ ಬರ್ಬೇಕು." ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಾ ಹೇಳಿದ, "ನಾನೂ ಬತ್ತೀನಿ. ಒಬ್ಳೇ ಹೋಗ್ಬ್ಯಾಡ."

ಪೆಟ್ಟಿಗೆಯನ್ನು ಅವಳ ಮಡಿಲಲ್ಲಿ ಇಟ್ಟ.

ಸುಧಾಗೆ ಖುಷಿಯಾಗಲಿಲ್ಲ. ತಾನು ಮುಖವನ್ನೇ ನೋಡಿರದ ತೊಂಬತ್ತು ವರ್ಷದ ಒಬ್ಬಳು ಕುಣಿಗಲ್ಲಿನ ಆಚೆ ಯಾವುದೋ ಮನೆಯ ನಡುಮನೆಯಲ್ಲಿ ಮಲಗಿ, ತನಗಾಗಿ ಕಾಯುತ್ತಿದ್ದಾಳೆ. ಇವತ್ತು ಸಂಜೆ ಅಡವಿಯಪ್ಪ ಹೋಗಿ ಅವಳ ಕಿವಿಯಲ್ಲಿ ಸಿಕ್ಕಿದಳು ಎಂದು ಹೇಳಬಹುದು. ಹೇಳಿದ ಮೇಲೆ ಅವಳು ಎಷ್ಟು ದಿನ ಕಾದಾಳು? ಸುಧಾ ಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಈ ಶನಿವಾರ ದಾಟಲಿ, ಅದರ ಮುಂದಿನದೂ ದಾಟಲಿ, ಇಳಿಸುವುದನ್ನು ನಾನು ಕಲಿಯುವವರೆಗೆ ಆಕೆ ಇರಲಿ ಎಂದು ಬಸ್ಸು ತುಮಕೂರು ಮುಟ್ಟುವತನಕ ಬೇಡಿಕೊಳ್ಳುತ್ತಲೇ ಇದ್ದಳು.